ಕಾರ್ಡಿಯಾಮೊಬೈಲ್ 6ಎಲ್: ಮನೆಗೆ ಹೋಗಿ ರೋಗಿ ನೋಡುವ ನರ್ಸ್‌ಗೆ ಈ ಜೇಬಿನ ಇಸಿಜಿ ಎಷ್ಟು ಉಪಯೋಗ?

ಬಿಪಿ ಮಿಷನ್, ಗ್ಲುಕೋಮೀಟರ್, ಪಲ್ಸ್ ಆಕ್ಸಿಮೀಟರ್. ಬೆಂಗಳೂರಿನಲ್ಲಿ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್‌ಗಳ ಬ್ಯಾಗಿನಲ್ಲಿ ಇಷ್ಟು ಇದ್ದೇ ಇರುತ್ತದೆ. ಈಗ ಕೆಲವರ ಬ್ಯಾಗಿಗೆ ಜೇಬಿನ ಇಸಿಜಿ, ಅಂದರೆ ಹೃದಯದ ವಿದ್ಯುತ್ ಸಂಕೇತವನ್ನು ಗೆರೆಯಾಗಿ ಬರೆಯುವ ಸಾಧನವೂ ಸೇರಿಕೊಂಡಿದೆ. ಅಂಥವುಗಳಲ್ಲಿ ಒಂದು ಅಲೈವ್‌ಕೋರ್ ಕಂಪನಿಯ ಕಾರ್ಡಿಯಾಮೊಬೈಲ್ 6ಎಲ್. ಎದೆಬಡಿತದ ಲಯ ತಪ್ಪಿದ ರೋಗಿಯನ್ನು ಮನೆಯಲ್ಲೇ ಪರೀಕ್ಷಿಸುವಾಗ ಇದು ಎಷ್ಟು ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದೇ ಈ ವಿಮರ್ಶೆಯ ವಿಷಯ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಇದು ಬರೆದುಕೊಡುವ ಗೆರೆ ಚೆನ್ನಾಗಿದೆ, ಆದರೆ ಆ ಗೆರೆಗೆ ಆ್ಯಪ್ ಅಂಟಿಸುವ ಹೆಸರನ್ನು ನಂಬಿ ಕೂರುವಂತಿಲ್ಲ. ಗೆರೆ ಓದಲು ಬರುವವರ ಕೈಯಲ್ಲಿದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಸಾಧನ ಚಿಕ್ಕದು. ಸುಮಾರು 9 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ. ಮೇಲೆ ಎರಡು ಲೋಹದ ಪಟ್ಟಿ, ಅಡಿಯಲ್ಲಿ ಇನ್ನೊಂದು. ಮೇಲಿನ ಎರಡರ ಮೇಲೆ ಎರಡು ಕೈಯ ಹೆಬ್ಬೆರಳು, ಅಡಿಯದ್ದು ಎಡಮಂಡಿಗೆ ಅಥವಾ ಎಡಗಾಲಿನ ಗಿಣ್ಣಿನ ಒಳಬದಿಗೆ, ಬರೀ ಚರ್ಮದ ಮೇಲೆ. ಬ್ಲೂಟೂತ್‌ನಲ್ಲಿ ಫೋನಿಗೆ ಸೇರುತ್ತದೆ, 30 ಸೆಕೆಂಡು ರೆಕಾರ್ಡ್ ಮಾಡುತ್ತದೆ. ನಡೆಯುವುದು ನಾಣ್ಯದಾಕಾರದ ಸಿಆರ್ 2016 ಸೆಲ್‌ನಲ್ಲಿ. ಬಡಾವಣೆಯ ವಾಚ್ ಅಂಗಡಿಯಲ್ಲೂ ಸಿಗುವ ಸೆಲ್ ಅದು. ಚಾರ್ಜ್ ಮಾಡುವ ತಾಪತ್ರಯವಿಲ್ಲ, ಒಂದು ಸೆಲ್ ಹೆಚ್ಚಿಗೆ ಇಟ್ಟುಕೊಂಡರೆ ಸಾಕು. ಇದೇ ಕಂಪನಿಯ ಹಳೆಯ, ಒಂದೇ ಲೀಡಿನ (ಲೀಡ್ ಅಂದರೆ ಹೃದಯದ ವಿದ್ಯುತ್ತನ್ನು ಒಂದು ಕೋನದಿಂದ ನೋಡುವ ನೋಟ) ಕಾರ್ಡಿಯಾಮೊಬೈಲ್ ಕಿವಿಗೆ ಕೇಳದ ಶಬ್ದದ ಅಲೆಗಳ ಮೂಲಕ ಫೋನಿನ ಮೈಕಿಗೆ ಸಂಕೇತ ಕಳಿಸುತ್ತದೆ. ಹಳೆಯದನ್ನು ಬಳಸುವವರು ಮೈಕಿಗೆ ಅನುಮತಿ ಕೊಡದೆ ಇಟ್ಟು ಸಾಧನ ಕೆಟ್ಟಿದೆ ಅಂದುಕೊಳ್ಳುವುದುಂಟು. 6ಎಲ್‌ನಲ್ಲಿ ಆ ರಗಳೆ ಇಲ್ಲ.

ಮೂರನೇ ಪಟ್ಟಿಗೆ ಹೆಚ್ಚು ದುಡ್ಡು ಕೊಡಬೇಕೇ ಎಂದು ಕೇಳುವವರಿದ್ದಾರೆ. ಲಯದ ವಿಷಯಕ್ಕೆ ಬಂದರೆ ಖಂಡಿತ ಕೊಡಬೇಕು. ಎರಡೇ ಕೈ ಮುಟ್ಟಿದರೆ ಸಿಗುವುದು ಲೀಡ್ 1 ಮಾತ್ರ. ಆ್ಯಪಲ್ ವಾಚ್ ಕೊಡುವುದೂ ಅಷ್ಟೇ. ಹೃದಯದ ಮೇಲ್ಕೋಣೆಯ ಸಂಕೇತವಾದ ಪಿ ಅಲೆ ಲೀಡ್ 1ರಲ್ಲಿ ಅನೇಕರಿಗೆ ಬಹಳ ಸಣ್ಣದಾಗಿರುತ್ತದೆ, ಕೈ ಸ್ವಲ್ಪ ನಡುಗಿದರೂ ಹೂತುಹೋಗುತ್ತದೆ. ಎಡಗಾಲು ಸೇರಿದ ಕೂಡಲೇ ಲೀಡ್ 2, 3, ಎವಿಆರ್, ಎವಿಎಲ್, ಎವಿಎಫ್ ಸಿಗುತ್ತವೆ. ಪಿ ಅಲೆ ಎದ್ದು ಕಾಣುವುದು ಲೀಡ್ 2ರಲ್ಲಿ. ಏಟ್ರಿಯಲ್ ಫ್ಲಟರ್‌ನ (ಮೇಲ್ಕೋಣೆ ಒಂದೇ ಸಮನೆ ಅತಿವೇಗವಾಗಿ ಬಡಿಯುವ ಲಯದೋಷ) ಗರಗಸದ ಹಲ್ಲಿನಂಥ ಅಲೆಗಳು ಕಾಣುವುದು 2, 3, ಎವಿಎಫ್‌ನಲ್ಲಿ. ಫ್ಲಟರ್‌ನಲ್ಲಿ ಎರಡು ಅಲೆಗೆ ಒಂದು ಬಡಿತ ಕೆಳಕೋಣೆಗೆ ಇಳಿಯುವ ಮಾದರಿ ಸಾಮಾನ್ಯ. ಆಗ ನಿಮಿಷಕ್ಕೆ 150ರ ಆಸುಪಾಸಿನಲ್ಲಿ ನಾಡಿ ಒಂದೇ ಸಮನೆ ಓಡುತ್ತಿರುತ್ತದೆ. ಬರೀ ಲೀಡ್ 1 ನೋಡಿದವರು ‘ಜ್ವರಕ್ಕೋ ಗಾಬರಿಗೋ ಜೋರಾಗಿದೆ’ ಎಂದು ಬಿಟ್ಟುಬಿಡುವ ಗೆರೆ ಅದು.

ಈಗ ಮುಖ್ಯ ವಿಷಯ. ಸಾಧನ ಬ್ಯಾಗಿನಿಂದ ಹೊರಗೆ ಬರಬೇಕಾದದ್ದು ಕೊನೆಗೆ. ಬಾಗಿಲು ತೆಗೆದ ಕೂಡಲೇ ಫೋನ್ ಹಿಡಿದು ಕೂತರೆ ನೋಡಬೇಕಾದದ್ದೆಲ್ಲ ತಪ್ಪಿಹೋಗುತ್ತದೆ. ಮೊದಲು ರೋಗಿಯ ಮುಖ ನೋಡಬೇಕು: ಬಣ್ಣ ಬಿಳಿಚಿಕೊಂಡಿದೆಯೇ, ಹಣೆಯಲ್ಲಿ ತಣ್ಣನೆ ಬೆವರಿದೆಯೇ, ಒಂದು ವಾಕ್ಯ ಪೂರ್ತಿ ಹೇಳುವಷ್ಟು ಉಸಿರು ನಿಲ್ಲುತ್ತದೆಯೇ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಿದ್ದಾರೆಯೇ. ಸಿಸ್ಟಾಲಿಕ್ (ಮೇಲಿನ) ಬಿಪಿ 90ಕ್ಕಿಂತ ಕೆಳಗೆ, ಪ್ರಜ್ಞೆಯಲ್ಲಿ ಏರುಪೇರು, ಎದೆನೋವು, ಮಲಗಲಾಗದಷ್ಟು ಏದುಸಿರು, ಆಗಷ್ಟೇ ತಲೆತಿರುಗಿ ಬಿದ್ದದ್ದು. ಲಯ ಕೆಟ್ಟಿರುವಾಗ ಇವುಗಳಲ್ಲಿ ಒಂದು ಇದ್ದರೂ 108ಕ್ಕೆ ಕರೆ ಹೋಗಬೇಕು. ಗೆರೆ ತೆಗೆಯುವುದಿದ್ದರೆ ಆಂಬುಲೆನ್ಸ್ ಬರುವಷ್ಟರಲ್ಲಿ ತೆಗೆಯಬಹುದು. ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆ ಹತ್ತಿರದಲ್ಲೇ ಇದೆ ಅನ್ನುವವರೂ ಸಂಜೆ ಹೊತ್ತಿನ ಟ್ರಾಫಿಕ್ ಲೆಕ್ಕ ಹಾಕಿಕೊಳ್ಳಬೇಕು. ಈ ಊರಿನಲ್ಲಿ ಇನ್ನೂ ಐದು ನಿಮಿಷ ನೋಡೋಣ ಅನ್ನುವುದು ದುಬಾರಿ ಮಾತು.

ರೋಗಿ ಸ್ಥಿರವಾಗಿದ್ದರೆ ನಾಡಿ. ಮಣಿಕಟ್ಟಿನಲ್ಲಿ ಪೂರ್ತಿ ಒಂದು ನಿಮಿಷ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಲಯ ತಪ್ಪಿದವರ ವಿಷಯದಲ್ಲಿ ಸುಳ್ಳು ಲೆಕ್ಕ ಕೊಡುತ್ತದೆ. ಎಣಿಸುವಾಗಲೇ ಗಮನಿಸಬೇಕು: ಲಯ ಒಂದೇ ಸಮ ಇದೆಯೇ, ನಡುನಡುವೆ ಒಂದು ಬಡಿತ ಮಾತ್ರ ತಪ್ಪುತ್ತದೆಯೇ, ಇಲ್ಲ ಯಾವ ತಾಳಕ್ಕೂ ಸಿಗದಷ್ಟು ಅಸ್ತವ್ಯಸ್ತವೇ. ಆಮೇಲೆ ಸ್ಟೆತಸ್ಕೋಪನ್ನು ಎಡಗಡೆ ಐದನೇ ಪಕ್ಕೆಲುಬಿನ ಸಂದಿನಲ್ಲಿ, ಕೊರಳೆಲುಬಿನ ನಡುವಿನಿಂದ ಇಳಿಯುವ ಗೆರೆಗೆ ಸರಿಯಾಗಿ ಇಟ್ಟು ಮತ್ತೆ ಒಂದು ನಿಮಿಷ. ಎದೆಯಲ್ಲಿ 112, ಮಣಿಕಟ್ಟಿನಲ್ಲಿ 88 ಬಂದರೆ 24 ಬಡಿತಗಳು ಕೈವರೆಗೆ ತಲುಪಿಲ್ಲ ಎಂದರ್ಥ. ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ, ಅಂದರೆ ಏಎಫ್‌ನಲ್ಲಿ (ಮೇಲ್ಕೋಣೆ ತಾಳವಿಲ್ಲದೆ ಅದುರುವ ಲಯದೋಷ), ಕೆಲವು ಬಡಿತಗಳ ಹೊತ್ತಿಗೆ ಹೃದಯದಲ್ಲಿ ರಕ್ತ ತುಂಬಿರುವುದಿಲ್ಲ, ಅದಕ್ಕೇ ಅವು ಮಣಿಕಟ್ಟಿಗೆ ಬರುವುದಿಲ್ಲ. ಇಬ್ಬರು ಒಟ್ಟಿಗೆ ಎಣಿಸಿದರೆ ಲೆಕ್ಕ ಸರಿಯಾಗಿರುತ್ತದೆ, ಒಬ್ಬರೇ ಇದ್ದಾಗ ಒಂದರ ಹಿಂದೆ ಒಂದು ಎಣಿಸಿ ಹಾಗೆಂದೇ ಬರೆದಿಡಬೇಕು.

ಎಲೆಕ್ಟ್ರಾನಿಕ್ ಬಿಪಿ ಮಿಷನ್ ಕೂಡ ಏಎಫ್‌ನಲ್ಲಿ ಒಂದೊಂದು ಸಲ ಒಂದೊಂದು ಅಂಕಿ ತೋರಿಸುತ್ತದೆ. ಬಡಿತದಿಂದ ಬಡಿತಕ್ಕೆ ಒತ್ತಡವೇ ಬದಲಾಗುವುದರಿಂದ ಅದು ಮಿಷನ್ನಿನ ತಪ್ಪಲ್ಲ. ಮೂರು ಸಲ ನೋಡಿ ಸರಾಸರಿ ಬರೆಯಿರಿ, ಆಗುವುದಾದರೆ ಕಫ್ ಕಟ್ಟಿ ಸ್ಟೆತಸ್ಕೋಪ್ ಇಟ್ಟೇ ನೋಡಿ. ತಲೆಸುತ್ತು ಅನ್ನುವವರಿಗೆ ಐದು ನಿಮಿಷ ಮಲಗಿಸಿ ಒಂದು ಬಿಪಿ, ನಿಲ್ಲಿಸಿ ಒಂದನೇ ನಿಮಿಷಕ್ಕೆ ಒಂದು, ಮೂರನೇ ನಿಮಿಷಕ್ಕೆ ಇನ್ನೊಂದು. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ತಲೆಸುತ್ತಿಗೆ ಲಯವೇ ಕಾರಣ ಅನ್ನುವ ಮುನ್ನ ಮಾತ್ರೆ, ನೀರು, ಊಟದ ಕಡೆ ನೋಡಬೇಕು. ನಿಲ್ಲಿಸುವಾಗ ಪಕ್ಕದಲ್ಲಿ ಇನ್ನೊಬ್ಬರು ಇರಲಿ.

ಕೇಳುವ ಪ್ರಶ್ನೆಗಳು ರೋಗಿಯ ಮಾತಿನಲ್ಲೇ ಇರಬೇಕು. ‘ಪಾಲ್ಪಿಟೇಶನ್ ಆಗುತ್ತಾ’ ಎಂದರೆ ಹೌದೂ ಅನ್ನುತ್ತಾರೆ, ಇಲ್ಲವೂ ಅನ್ನುತ್ತಾರೆ. ‘ಅಜ್ಜಿ, ಎದೆ ಡವಡವ ಅಂತ ಓಡುತ್ತಾ, ಇಲ್ಲ ಧಕ್ ಅಂತ ಒಂದು ಸಲ ತಪ್ಪಿದ ಹಾಗಾಗುತ್ತಾ? ಹೇಗೆ ಬಡಿಯುತ್ತೆ, ಈ ಟೇಬಲ್ ಮೇಲೆ ತಟ್ಟಿ ತೋರಿಸಿ’ ಎಂದರೆ ಬೆರಳೇ ಲಯ ಹೇಳಿಬಿಡುತ್ತದೆ. ಸ್ವಿಚ್ ಹಾಕಿದ ಹಾಗೆ ಶುರುವಾಗಿ ಹಾಗೇ ನಿಂತುಹೋಗುತ್ತದೆ ಅಂದರೆ ಎಸ್‌ವಿಟಿಯ (ಮೇಲ್ಕೋಣೆ ಕಡೆಯಿಂದ ಶುರುವಾಗುವ ಓಟದ ಲಯ) ಅನುಮಾನ ಬರಬೇಕು, ನಿಧಾನವಾಗಿ ಏರಿ ನಿಧಾನವಾಗಿ ಇಳಿದರೆ ಸಾಮಾನ್ಯವಾಗಿ ಸೈನಸ್ ಲಯವೇ, ಅಂದರೆ ಹೃದಯದ ಸಹಜ ಲಯವೇ. ಕಣ್ಣು ಕತ್ತಲೆ ಬಂದದ್ದು ಬೇರೆ, ಮನೆಯೆಲ್ಲ ತಿರುಗಿದ್ದು ಬೇರೆ. ಮೊದಲನೆಯದಕ್ಕೆ ಹೃದಯದ ಕಡೆ ನೋಡಬೇಕು. ‘ಗ್ಯಾಸ್ಟ್ರಿಕ್ ಅಷ್ಟೇ ಸಿಸ್ಟರ್’ ಅನ್ನುವ ಮಾತನ್ನು, ಅದೂ ಸಕ್ಕರೆ ಕಾಯಿಲೆ ಇರುವವರ ಬಾಯಿಂದ, ಅಷ್ಟಕ್ಕೇ ಒಪ್ಪಿಕೊಳ್ಳಬೇಡಿ.

ಮಾತ್ರೆ ಡಬ್ಬಿ ತೆರೆದು ನೋಡುವುದು ಇಸಿಜಿಯಷ್ಟೇ ಮುಖ್ಯ. ಬಡಿತ ನಿಧಾನ ಮಾಡುವ ಡಿಗಾಕ್ಸಿನ್ ಇದೆಯೇ? ನಮ್ಮ ಕಡೆ ವಾರಕ್ಕೆ ಐದು ದಿನ ಕೊಟ್ಟು ಎರಡು ದಿನ ಬಿಡುವ ಪದ್ಧತಿ ಉಂಟು. ಆ ಎರಡು ದಿನವೂ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಬೇಕು. ಎದೆಬಡಿತ 60ಕ್ಕಿಂತ ಕಡಿಮೆ ಇದ್ದರೆ ಅವತ್ತಿನ ಮಾತ್ರೆ ತಡೆದು ಡಾಕ್ಟರಿಗೆ ಫೋನ್ ಮಾಡಬೇಕು. ಊಟ ಸೇರದಿರುವುದು, ವಾಕರಿಕೆ, ನೋಡಿದ್ದೆಲ್ಲ ಹಳದಿ ಛಾಯೆಯಾಗುವುದು ಇದ್ದರೆ ಇನ್ನೂ ಬೇಗ. ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಇಳಿಯಬಹುದು (ಸಾಮಾನ್ಯ ಮಟ್ಟ 3.5ರಿಂದ 5.0), ಆಗ ಡಿಗಾಕ್ಸಿನ್ ವಿಷವಾಗುವುದು ಸುಲಭ. ಇದರ ಇನ್ನೊಂದು ಮುಖವೂ ಇದೆ. ಕಿಡ್ನಿ ದುರ್ಬಲವಿದ್ದು, ಪೊಟ್ಯಾಸಿಯಂ ಮೈಯಲ್ಲೇ ಉಳಿಸುವ ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ‘ತಂಪು’ ಎಂದು ದಿನಾ ಎಳನೀರು ಕುಡಿದರೆ ಪೊಟ್ಯಾಸಿಯಂ ಏರಿ ಬಡಿತ ನಿಧಾನವಾಗುತ್ತಾ ಹೋಗುತ್ತದೆ. ಬೇಸಿಗೆಯಲ್ಲಿ ಇದನ್ನು ಬಾಯಿಬಿಟ್ಟು ಕೇಳಲೇಬೇಕು, ಎಳನೀರನ್ನು ಯಾರೂ ತಾವಾಗಿ ‘ಔಷಧಿ ಪಟ್ಟಿ’ಯಲ್ಲಿ ಹೇಳುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರೋಮ್ ಅಥವಾ ವಾರ್ಫರಿನ್ ಇದ್ದರೆ ಕೊನೆಯ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ) ಎಷ್ಟು, ಯಾವತ್ತು ಮಾಡಿಸಿದ್ದು, ಈಚೆಗೆ ಸೊಪ್ಪಿನ ಅಡುಗೆ ಇದ್ದಕ್ಕಿದ್ದಂತೆ ಹೆಚ್ಚಿದೆಯೇ ಅಥವಾ ನಿಂತಿದೆಯೇ ಎಂದು ಕೇಳಿ. ಬಸ್ಸಾರು ಬಿಡಬೇಕಿಲ್ಲ, ವಾರದಿಂದ ವಾರಕ್ಕೆ ಪ್ರಮಾಣ ಒಂದೇ ಇರಲಿ ಎಂದು ಹೇಳಿದರೆ ಸಾಕು.

ಇಷ್ಟಾದ ಮೇಲೆ ಸಾಧನ. ರೋಗಿ ಬೆನ್ನಿಗೆ ಆನಿಕೆ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ, ತೋಳು ತೊಡೆಯ ಮೇಲೆ ಬಿಟ್ಟು ಕೂರಲಿ. ಸೀರೆ ಉಟ್ಟ ಹಿರಿಯರಿಗೆ ಮಂಡಿವರೆಗೆ ಎತ್ತುವುದು ಮುಜುಗರ. ಅವರಿಗೆ ಗಿಣ್ಣೇ ಸರಿ, ಎಡಗಾಲನ್ನು ಬಲಮಂಡಿಯ ಮೇಲೆ ಮಡಚಿ ಇಡಲಾಗದಿದ್ದರೆ ಮಲಗಿಸಿ ಕಾಲು ಮಡಚಿಸಬಹುದು. ಕಾಲ್ಚೈನು ಇದ್ದರೆ ಮೇಲೆ ಸರಿಸಿ. ಎಣ್ಣೆಸ್ನಾನದ ದಿನ, ಅಥವಾ ಮಂಡಿನೋವಿಗೆ ತೈಲ ಹಚ್ಚಿದ ದಿನ ಗೆರೆ ನೆಟ್ಟಗೆ ಬರುವುದೇ ಇಲ್ಲ. ಎಣ್ಣೆಯ ಪದರ ವಿದ್ಯುತ್ ಸಂಕೇತವನ್ನು ತಡೆಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಚರ್ಮ ಸ್ವಲ್ಪ ಪಸೆಯಿರುವಾಗಲೇ ಇಟ್ಟರೆ ಸರಿಹೋಗುತ್ತದೆ. ಒಣಗಿ ಬಿರುಕುಬಿಟ್ಟ ಹೆಬ್ಬೆರಳಿಗೂ ಅದೇ ಮದ್ದು. ನಲ್ಲಿ ನೀರಿನಲ್ಲಿ ಬೆರಳದ್ದಿ ಒರೆಸಿಕೊಂಡರೆ ಸಾಕು.

ಕಂಪನಿಯ ಲೋಗೋ ರೋಗಿಗೆ ನೇರವಾಗಿ ಓದಲು ಬರುವಂತಿರಲಿ. ತಿರುಗಿಸಿ ಹಿಡಿದರೆ ಎಡಗೈ ಬಲಗೈ ಅದಲುಬದಲಾಗುತ್ತವೆ. ಇದು ಬಹಳ ಸಾಮಾನ್ಯ ತಪ್ಪು, ಗುರುತು ಹಿಡಿಯುವುದೂ ಸುಲಭ: ಲೀಡ್ 1ರಲ್ಲಿ ಪಿ ಅಲೆ, ಕ್ಯೂಆರ್‌ಎಸ್ (ಕೆಳಕೋಣೆ ಬಡಿಯುವಾಗಿನ ಚೂಪು ಅಲೆ) ಎರಡೂ ತಲೆಕೆಳಗಾಗಿ, ಕೆಳಮುಖವಾಗಿರಬೇಕಾದ ಎವಿಆರ್ ಮೇಲ್ಮುಖವಾಗಿ ಬಂದರೆ ಮೊದಲು ಸಾಧನ ತಿರುಗಿಸಿ ಮತ್ತೊಮ್ಮೆ ತೆಗೆಯಿರಿ. ಎಡಗಾಲಿಗೆ ಬ್ಯಾಂಡೇಜ್ ಕಟ್ಟಿದ್ದರೆ ಅಥವಾ ಕಾಲೇ ಇಲ್ಲದಿದ್ದರೆ ಆ್ಯಪಿನಲ್ಲಿ ಒಂದೇ ಲೀಡಿನ ಆಯ್ಕೆ ಇದೆ, ಅದನ್ನು ಬಳಸಿ ಹಾಗೆಂದು ಟಿಪ್ಪಣಿಯಲ್ಲಿ ಬರೆಯಿರಿ.

ಗೆರೆ ಕೆಡುವುದಕ್ಕೆ ಕಾರಣಗಳು ಬೇಕಾದಷ್ಟು, ಪ್ರತಿಯೊಂದರ ಚಹರೆಯೂ ಬೇರೆ. ದಪ್ಪಗೆ, ಒಂದೇ ಸಮ ಮಸುಕಾದ ಪಟ್ಟಿಯಂತೆ ಬಂದರೆ ಅದು ಮನೆಯ ಕರೆಂಟು. ನಮ್ಮಲ್ಲಿ 50 ಹರ್ಟ್ಸ್, ಆ್ಯಪಿನ ಸೆಟ್ಟಿಂಗಿನಲ್ಲಿ 60 ಇದ್ದರೆ 50ಕ್ಕೆ ಬದಲಿಸಿ, ಫೋನಿನ ಚಾರ್ಜರ್ ಕಿತ್ತು, ಇನ್ವರ್ಟರ್ ಮತ್ತು ಮಂಚದ ಪಕ್ಕದ ವೈರುಗಳಿಂದ ದೂರ ಕೂರಿಸಿ. ಗೆರೆ ನಿಧಾನವಾಗಿ ಏರಿಳಿದರೆ ಉಸಿರಾಟ ಅಥವಾ ಸಡಿಲ ಹಿಡಿತ. ಸೂಜಿ ಚುಚ್ಚಿದಂತೆ ಅಡ್ಡಾದಿಡ್ಡಿ ಮುಳ್ಳುಗಳು ಬಂದರೆ ಸ್ನಾಯುವಿನದು: ಬಿಗಿಯಾಗಿ ಒತ್ತಿ ಹಿಡಿದಿದ್ದಾರೆ, ಮಾತಾಡುತ್ತಿದ್ದಾರೆ, ಇಲ್ಲ ಚಳಿಗೆ ನಡುಗುತ್ತಿದ್ದಾರೆ. ಡಿಸೆಂಬರ್, ಜನವರಿಯ ಬೆಳಗ್ಗೆ ಇದು ಸಾಮಾನ್ಯ. ಶಾಲು ಹೊದಿಸಿ, ಕೈ ಬೆಚ್ಚಗೆ ಮಾಡಿ, ‘ತಾತ, ಹಗುರವಾಗಿ ಮುಟ್ಟಿದ್ರೆ ಸಾಕು, ಅರ್ಧ ನಿಮಿಷ ಮಾತು ಬೇಡ’ ಎಂದು ಹೇಳಿ ಮತ್ತೆ ತೆಗೆಯಿರಿ. ಪಾರ್ಕಿನ್ಸನ್ ನಡುಕ ಇದ್ದವರಲ್ಲಿ ಆ್ಯಪ್ ಸುಮ್ಮನೆ ಏಎಫ್ ಎಂದು ತೋರಿಸಬಹುದು. ಅಂಥವರಿಗೆ ಸ್ಟೆತಸ್ಕೋಪೇ ಹೆಚ್ಚು ನಂಬಿಕಸ್ಥ.

ಸಾಧನದ ಬಗ್ಗೆ ನಮ್ಮ ದೊಡ್ಡ ಆಕ್ಷೇಪ ಇರುವುದು ಇನ್ನು ಮುಂದೆ. ಆ್ಯಪ್ ಕೊಡುವ ಉತ್ತರಗಳು ಕೆಲವೇ: ನಾರ್ಮಲ್, ಪಾಸಿಬಲ್ ಏಎಫ್, ಬ್ರಾಡಿಕಾರ್ಡಿಯಾ (ನಿಧಾನ ಬಡಿತ), ಟ್ಯಾಕಿಕಾರ್ಡಿಯಾ (ವೇಗದ ಬಡಿತ), ಇಲ್ಲವೇ ಅನ್‌ಕ್ಲಾಸಿಫೈಡ್ (ಯಾವ ಗುಂಪಿಗೂ ಸೇರದ್ದು). ನಾರ್ಮಲ್ ಎನ್ನುವುದು ನಿಮಿಷಕ್ಕೆ 50ರಿಂದ 100ರೊಳಗೆ, ಬ್ರಾಡಿ 40ರಿಂದ 50ರೊಳಗೆ, ಟ್ಯಾಕಿ 100ರಿಂದ 140ರೊಳಗೆ. ಹಾಗಾದರೆ ಬಡಿತ 34 ಇದ್ದರೆ? 190 ಇದ್ದರೆ? ಎರಡೂ ಅನ್‌ಕ್ಲಾಸಿಫೈಡ್ ಗುಂಪಿಗೆ ಬೀಳುತ್ತವೆ. ಪೂರ್ಣ ಹಾರ್ಟ್ ಬ್ಲಾಕ್ (ಮೇಲ್ಕೋಣೆಯ ಸಂಕೇತ ಕೆಳಕೋಣೆಗೆ ಮುಟ್ಟದಿರುವುದು), ಎಸ್‌ವಿಟಿ, ವಿಟಿ (ಕೆಳಕೋಣೆಯಿಂದಲೇ ಶುರುವಾಗುವ ಓಟದ ಲಯ), ಅಂದರೆ ತಕ್ಷಣ ಆಸ್ಪತ್ರೆ ಬೇಕಾದ ಲಯಗಳೇ ಆ ಹೆಸರಿನ ಹಿಂದೆ ಅಡಗಿ ಕೂರಬಹುದು. ಕೈ ಅಲುಗಾಡಿ ಗೆರೆ ಕೆಟ್ಟರೂ ಬರುವುದು ಹೆಚ್ಚುಕಡಿಮೆ ಅಂಥದ್ದೇ ಉತ್ತರ. ಮನೆಯವರು ಅದನ್ನು ನೋಡಿ ‘ಮಿಷನ್‌ಗೆ ಗೊತ್ತಾಗಲಿಲ್ಲವಂತೆ, ಏನೂ ಇಲ್ಲ ಬಿಡಿ’ ಎಂದು ಓದಿಕೊಳ್ಳುತ್ತಾರೆ. ಹೊಗಳುವವರು ಈ ಒಂದು ವಿಷಯವನ್ನು ಜೋರಾಗಿ ಹೇಳಬೇಕಿತ್ತು, ಹೇಳುವುದಿಲ್ಲ. ಮನೆಯಲ್ಲಿ ಸಾಧನ ಬಿಟ್ಟುಬರುವ ನರ್ಸ್ ಮೊದಲು ಕಲಿಸಬೇಕಾದ ಪಾಠ ಇದು: ಅನ್‌ಕ್ಲಾಸಿಫೈಡ್ ಬಂದರೆ ಬೆರಳು ಒದ್ದೆ ಮಾಡಿ ಇನ್ನೊಮ್ಮೆ ತೆಗೆಯಿರಿ, ಮತ್ತೆ ಅದೇ ಬಂದರೆ ಪರದೆಯ ಮೇಲಿನ ಬಡಿತದ ಅಂಕಿ ನೋಡಿ, 40ಕ್ಕಿಂತ ಕಡಿಮೆ ಅಥವಾ 140ಕ್ಕಿಂತ ಹೆಚ್ಚಿದ್ದರೆ ಕಾಯುವುದು ಬೇಡ, ಫೋನ್ ಮಾಡಿ.

ಏಎಫ್ ಎಂಬ ಉತ್ತರವೂ ಪೂರ್ತಿ ಒಪ್ಪುವಂಥದ್ದಲ್ಲ. ಪದೇ ಪದೇ ಬರುವ ಹೆಚ್ಚುವರಿ ಬಡಿತ, ಕೆಲವು ಬಗೆಯ ಬ್ಲಾಕ್ ಕೂಡ ಲಯವನ್ನು ಅಡ್ಡಾದಿಡ್ಡಿ ಮಾಡಿ ಆ್ಯಪನ್ನು ದಾರಿ ತಪ್ಪಿಸುತ್ತವೆ. ಹೆಚ್ಚುವರಿ ಬಡಿತ, ಅಗಲ ಕ್ಯೂಆರ್‌ಎಸ್ ಮುಂತಾದ ಇನ್ನಷ್ಟು ಹೆಸರುಗಳು ಬೇಕೆಂದರೆ ಸದಸ್ಯತ್ವಕ್ಕೆ ಬೇರೆ ಹಣ ಕಟ್ಟಬೇಕು. ಗೆರೆ ಓದಲು ಬರುವ ನರ್ಸ್‌ಗೆ ಅದರ ಅಗತ್ಯವಿಲ್ಲ ಅನ್ನುವುದು ನಮ್ಮ ಅಭಿಪ್ರಾಯ.

ಓದುವುದು ಹೇಗೆ ಎಂದರೆ, 30 ಸೆಕೆಂಡಿನ ಗೆರೆಯಲ್ಲಿ ಕ್ಯೂಆರ್‌ಎಸ್‌ಗಳನ್ನು ಎಣಿಸಿ ಎರಡರಿಂದ ಗುಣಿಸಿದರೆ ನಿಮಿಷದ ಬಡಿತ. ಲಯ ತಪ್ಪಿದಾಗ ಆರು ಸೆಕೆಂಡಿನ ಪಟ್ಟಿಗಿಂತ ಇದು ಎಷ್ಟೋ ವಾಸಿ. ವೇಗ ಸೆಕೆಂಡಿಗೆ 25 ಮಿ.ಮೀ., ಹಾಗಾಗಿ ಗೆರೆಯ ಹಿಂದಿನ ಚೌಕಗಳಲ್ಲಿ ಒಂದು ಚಿಕ್ಕ ಮನೆ 0.04 ಸೆಕೆಂಡು, ದೊಡ್ಡ ಮನೆ 0.2 ಸೆಕೆಂಡು. ಲೀಡ್ 2ಕ್ಕೆ ಹೋಗಿ: ಪ್ರತಿ ಕ್ಯೂಆರ್‌ಎಸ್ ಮುಂದೆ ಒಂದು ಪಿ ಇದೆಯೇ? ಪಿಆರ್ ಅಂತರ (ಪಿ ಶುರುವಿನಿಂದ ಕ್ಯೂಆರ್‌ಎಸ್ ಶುರುವಿನವರೆಗೆ) ಮೂರರಿಂದ ಐದು ಚಿಕ್ಕ ಮನೆಯೊಳಗಿದೆಯೇ? ಕ್ಯೂಆರ್‌ಎಸ್ ಮೂರು ಚಿಕ್ಕ ಮನೆಗಿಂತ ಕಿರಿದಾಗಿದೆಯೇ? ಅಗಲವಾದ ಕ್ಯೂಆರ್‌ಎಸ್ ಜೋರಾಗಿ, ಸಮವಾಗಿ ಓಡುತ್ತಿದ್ದರೆ, ರೋಗಿ ಎಷ್ಟೇ ಚೆನ್ನಾಗಿ ಮಾತಾಡುತ್ತಿದ್ದರೂ, ಬೇರೆಯದು ಎಂದು ಸಾಬೀತಾಗುವವರೆಗೆ ಅದು ವಿಟಿಯೇ. ಪಿ ಒಂದು ಕಡೆ, ಕ್ಯೂಆರ್‌ಎಸ್ ಇನ್ನೊಂದು ಕಡೆ ತಮ್ಮ ಪಾಡಿಗೆ ತಾವು ನಡೆಯುತ್ತಿದ್ದರೆ ಪೂರ್ಣ ಬ್ಲಾಕ್. ಒಂದು ಚೀಟಿಯ ಅಂಚನ್ನು ಪಿ ಅಲೆಗಳಿಗೆ ಹಿಡಿದು ಗುರುತು ಮಾಡಿಕೊಂಡು ಸರಿಸುತ್ತಾ ಹೋದರೆ ಅಡಗಿರುವ ಪಿ ಕೂಡ ಸಿಗುತ್ತದೆ.

ಈ ಸಾಧನ ನಿಜಕ್ಕೂ ಬೆಳಗುವ ಒಂದು ಸಂದರ್ಭ ಹೇಳಬೇಕು. ಪಲ್ಸ್ ಆಕ್ಸಿಮೀಟರ್ ನಾಡಿ 38 ಎಂದು ತೋರಿಸುತ್ತದೆ, ಮನೆಯವರು ಗಾಬರಿ, ರೋಗಿ ಮಾತ್ರ ಕಾಫಿ ಕುಡಿಯುತ್ತಾ ಕೂತಿದ್ದಾರೆ. ಸ್ಟೆತಸ್ಕೋಪಿನಲ್ಲಿ ಜೋಡಿ ಜೋಡಿ ಬಡಿತ: ಲಬ್‌ಡಬ್, ಹಿಂದೆಯೇ ಇನ್ನೊಂದು ಕ್ಷೀಣ ಸದ್ದು, ಆಮೇಲೆ ಬಿಡುವು. 6ಎಲ್‌ನಲ್ಲಿ ನೋಡಿದರೆ ಒಂದು ಸಾಮಾನ್ಯ ಕ್ಯೂಆರ್‌ಎಸ್, ಒಂದು ಅಗಲವಾದದ್ದು, ಮತ್ತೆ ಸಾಮಾನ್ಯ, ಮತ್ತೆ ಅಗಲ. ಇದು ಬೈಜೆಮಿನಿ. ಹೃದಯದ ಲೆಕ್ಕ 76, ಬೆರಳಿಗೆ ತಲುಪುವುದು ಅರ್ಧ. ಪೊಟ್ಯಾಸಿಯಂ, ಮೆಗ್ನೀಸಿಯಂ, ಡಿಗಾಕ್ಸಿನ್ ಬಗ್ಗೆ ಡಾಕ್ಟರಿಗೆ ಹೇಳಬೇಕಾದ ಗೆರೆ ಇದು. ಹೃದಯವೇ ನಿಧಾನವಾಗಿದೆ ಎಂದು ತಪ್ಪು ತಿಳಿದು ಬೇರೆ ದಾರಿ ಹಿಡಿಯುವುದನ್ನು ಅರ್ಧ ನಿಮಿಷದ ರೆಕಾರ್ಡಿಂಗ್ ತಪ್ಪಿಸುತ್ತದೆ.

ಕ್ಯೂಟಿ ಅಂತರವನ್ನೂ (ಕ್ಯೂಆರ್‌ಎಸ್ ಶುರುವಿನಿಂದ ಅದರ ಹಿಂದೆ ಬರುವ ಟಿ ಅಲೆ ಮುಗಿಯುವವರೆಗೆ) ಲೀಡ್ 2ರಲ್ಲಿ ಕೈಯಾರೆ ಅಳೆಯಬಹುದು. ಕೆಮ್ಮಿಗೆ ಅಜಿತ್ರೋಮೈಸಿನ್, ವಾಂತಿಗೆ ಆಂಡನ್‌ಸೆಟ್ರಾನ್, ಲಯಕ್ಕೆ ಮೊದಲಿನಿಂದ ಅಮಿಯೊಡಾರೋನ್, ಕ್ಯೂಟಿ ಹಿಗ್ಗಿಸುವ ಇವು ಮೂರೂ ಒಂದೇ ಡಬ್ಬಿಯಲ್ಲಿ ಕಂಡರೆ ಅಳೆಯದೆ ಬರಬೇಡಿ. ಬಡಿತ 60ರಿಂದ 100ರೊಳಗಿದ್ದಾಗ ಕ್ಯೂಟಿ ಎರಡು ಬಡಿತಗಳ ಅಂತರದ ಅರ್ಧಕ್ಕಿಂತ ಕಡಿಮೆ ಇರಬೇಕು ಅನ್ನುವುದು ಒರಟು ಲೆಕ್ಕ. ದಾಟಿದರೆ ಸರಿಯಾಗಿ ಲೆಕ್ಕ ಹಾಕಿಸಬೇಕು, ಬಡಿತದ ವೇಗಕ್ಕೆ ಸರಿಪಡಿಸಿದ ಕ್ಯೂಟಿ 500 ಮಿಲಿಸೆಕೆಂಡ್ ಮೀರಿದರೆ ಅಪಾಯ.

ಏನಾಗುವುದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳುತ್ತೇವೆ. ಇದು ಹೃದಯಾಘಾತವನ್ನು ಕಂಡುಹಿಡಿಯುವ ಸಾಧನವಲ್ಲ. ಎದೆಯ ಮೇಲಿನ ಆರು ಲೀಡು, ವಿ1ರಿಂದ ವಿ6, ಇದರಲ್ಲಿ ಇಲ್ಲ. ಹೃದಯದ ಮುಂಭಾಗದ ಆಘಾತ ಕಾಣುವುದು ಮುಖ್ಯವಾಗಿ ಅಲ್ಲಿ. ಎದೆನೋವಿರುವ ರೋಗಿಯಲ್ಲಿ ಆ್ಯಪ್ ‘ನಾರ್ಮಲ್’ ಎಂದು ಹೇಳಿದರೆ ಆ ಪದಕ್ಕೆ ಬೆಲೆಯೇ ಇಲ್ಲ, ಆಸ್ಪತ್ರೆಗೆ ಮುಟ್ಟಿದ 10 ನಿಮಿಷದೊಳಗೆ 12 ಲೀಡಿನ ಇಸಿಜಿ ಆಗಬೇಕು. ಪೇಸ್‌ಮೇಕರ್ ಅಥವಾ ಐಸಿಡಿ (ಅಪಾಯದ ಲಯಕ್ಕೆ ಒಳಗಿನಿಂದಲೇ ಶಾಕ್ ಕೊಡುವ ಸಾಧನ) ಇರುವವರಿಗೆ ಇದನ್ನು ಬಳಸಬೇಡಿ ಎಂದು ಕಂಪನಿಯೇ ಹೇಳುತ್ತದೆ. ಕೊರಳೆಲುಬಿನ ಕೆಳಗೆ ಉಬ್ಬು, ಗಾಯದ ಗುರುತು ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ವಾರಕ್ಕೊಮ್ಮೆ ರಾತ್ರಿ ಎರಡು ನಿಮಿಷ ಬಂದು ಹೋಗುವ ಲಯವನ್ನು ಬೆಳಗ್ಗೆ ಹತ್ತು ಗಂಟೆಗೆ ತೆಗೆದ 30 ಸೆಕೆಂಡು ಹಿಡಿಯಲಾರದು. ಎದೆ ಡವಡವ ಅಂದಾಗ ಕೈಗೆ ಸಿಗುವಂತೆ ದಿಂಬಿನ ಪಕ್ಕ ಇಟ್ಟವರಿಗೆ ಸಿಕ್ಕರೆ ಸಿಕ್ಕಿತು. ಪ್ರಜ್ಞೆ ತಪ್ಪಿ ಬೀಳುವವರಿಗೆ ಇದು ಪರಿಹಾರವೇ ಅಲ್ಲ, ಬೀಳುವಾಗ ಯಾರೂ ಸಾಧನ ಹಿಡಿದಿರುವುದಿಲ್ಲ. ಅವರಿಗೆ ಡಾಕ್ಟರು ಹೇಳಿದ ಹೋಲ್ಟರ್ (ಇಡೀ ದಿನ ಮೈಮೇಲಿದ್ದು ಲಯ ಬರೆಯುವ ಯಂತ್ರ) ಅಥವಾ ಅದಕ್ಕಿಂತ ದೀರ್ಘ ಅವಧಿಯ ಪ್ಯಾಚ್ ಬೇಕು.

ಗೆರೆಯನ್ನು ಡಾಕ್ಟರಿಗೆ ಕಳಿಸುವಾಗ ಸ್ಕ್ರೀನ್‌ಶಾಟ್ ಬೇಡ, ಪಿಡಿಎಫ್ ಕಳಿಸಿ. ಸ್ಕ್ರೀನ್‌ಶಾಟಿನಲ್ಲಿ ಒಂದು ಬದಿ ಕತ್ತರಿಸಿಹೋಗುತ್ತದೆ, ಗೆರೆಯ ಹಿಂದಿನ ಚೌಕದ ಮನೆಗಳು ಕುಗ್ಗುತ್ತವೆ. ಪಿಡಿಎಫ್‌ನಲ್ಲೂ ಸ್ಕೇಲ್ ಇಟ್ಟು ಅಳೆಯಬೇಡಿ, ಪುಟದ ಅಳತೆ ಬದಲಾದರೆ ಮಿ.ಮೀ. ಲೆಕ್ಕ ತಪ್ಪುತ್ತದೆ. ಮನೆಗಳನ್ನೇ ಎಣಿಸಿ. ದಿನಕ್ಕೆ ಹಲವು ಮನೆಗೆ ಹೋಗುವವರು ಒಂದೇ ಫೋನಿನಲ್ಲಿ ಎಲ್ಲರದ್ದನ್ನೂ ಒಂದೇ ಹೆಸರಿನಡಿ ತೆಗೆದರೆ ಯಾರದು ಯಾವುದು ಎಂದು ಗೊತ್ತಾಗದೆ ಅನಾಹುತವಾಗುತ್ತದೆ. ರೋಗಿಯ ಸ್ವಂತ ಫೋನಿನಲ್ಲೋ ಮನೆಯವರ ಫೋನಿನಲ್ಲೋ ಅವರದೇ ಖಾತೆ ಮಾಡಿಸುವುದು ಮೇಲು. ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವುದು ಅವರ ಇಷ್ಟ, ನರ್ಸ್ ಕಡೆಯಿಂದ ಹೋಗಬಾರದು. ರೆಕಾರ್ಡಿಂಗ್ ಮುಗಿದ ಕೂಡಲೇ ಟಿಪ್ಪಣಿಯಲ್ಲಿ ಕೂತಿದ್ದರೇ ಮಲಗಿದ್ದರೇ, ಆ ಹೊತ್ತಿನ ಬಿಪಿ ಎಷ್ಟು, ಏನಾಗುತ್ತಿತ್ತು ಎಂಬುದನ್ನು ಬರೆಯಿರಿ. ಒಬ್ಬರಿಂದ ಇನ್ನೊಬ್ಬರಿಗೆ ಬಳಸುವ ಮುನ್ನ ಮೂರೂ ಪಟ್ಟಿಗಳನ್ನು 70 ಶೇಕಡಾ ಸ್ಪಿರಿಟ್ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ನೀರಲ್ಲಿ ಅದ್ದಬೇಡಿ.

ಯಾರು ಕೊಳ್ಳಬೇಕು? ಏಎಫ್ ಇದೆಯೆಂದು ಆಗಲೇ ಗೊತ್ತಿದ್ದು ಮಾತ್ರೆಯಲ್ಲಿರುವವರು, ಆಗೊಮ್ಮೆ ಈಗೊಮ್ಮೆ ಎದೆ ಓಡುವುದಕ್ಕೆ ಕಾರಣ ಸಿಗದವರು, ಮತ್ತು ಮನೆಗಳಿಗೆ ಹೋಗುವ ನರ್ಸ್‌ಗಳು. ಸಂಧಿವಾತ ಜ್ವರದಿಂದ ಮೈಟ್ರಲ್ ಕವಾಟ ಕೆಟ್ಟ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು ನಮ್ಮಲ್ಲಿ ಇನ್ನೂ ಇದ್ದಾರೆ. ಮೆಟ್ಟಿಲು ಹತ್ತಲು ಏದುಸಿರು, ನಾಡಿ ಅಸ್ತವ್ಯಸ್ತ ಎಂದಾಗ ‘ವಯಸ್ಸು ಚಿಕ್ಕದು, ಟೆನ್ಷನ್ ಇರಬೇಕು’ ಅನ್ನದೆ ಗೆರೆ ತೆಗೆಯುವುದಕ್ಕೂ ಇದು ಒದಗುತ್ತದೆ. ಹೃದಯಾಘಾತದ ಭಯಕ್ಕೆ ಸಮಾಧಾನ ಬೇಕೆಂದು ಕೊಳ್ಳುವವರು ಖಂಡಿತ ಬೇಡ. ಒಂದು ‘ನಾರ್ಮಲ್’ ನೋಡಿ ಎದೆನೋವನ್ನು ಸಹಿಸಿಕೊಂಡು ಕೂರುವ ಅಪಾಯ ಅವರಿಗೇ ಹೆಚ್ಚು.

ಏಎಫ್ ರೋಗಿಗಳ ಮನೆಗೆ ಹೋದಾಗ ಸಾಧನ ಒಳಗಿಡುವ ಮುನ್ನ ಪಾರ್ಶ್ವವಾಯುವಿನ ಗುರುತು ನೋಡಲು ಇನ್ನೊಂದು ನಿಮಿಷ ಕೊಡಿ, ಏಎಫ್‌ನಲ್ಲಿ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಅದು ಬರಬಹುದು. ಹಲ್ಲು ಕಾಣುವಂತೆ ನಗಿಸಿ, ಎರಡೂ ಕೈ ಮುಂದಕ್ಕೆ ಚಾಚಿ ಕಣ್ಣು ಮುಚ್ಚಿಸಿ, ಒಂದು ಪೂರ್ತಿ ವಾಕ್ಯ ಹೇಳಿಸಿ. ಬಾಯಿ ವಾರೆಯಾದರೆ, ಒಂದು ಕೈ ಇಳಿದರೆ, ಮಾತು ತೊದಲಿದರೆ ಕೊನೆಯ ಸಲ ಸರಿಯಿದ್ದದ್ದು ಎಷ್ಟು ಗಂಟೆಗೆ ಎಂದು ಮನೆಯವರನ್ನು ಕೇಳಿ ಬರೆದುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ಅಲ್ಲಿಂದ ನಾಲ್ಕೂವರೆ ಗಂಟೆ. ಫೋನಿನಲ್ಲಿ ಡಾಕ್ಟರಿಗೆ ಹೇಳುವಾಗಲೂ ಆ್ಯಪಿನ ಪದದಿಂದ ಶುರು ಮಾಡಬೇಡಿ. ‘ಸರ್, 72 ವರ್ಷ, ಏಎಫ್ ಹಳೆಯದು, ಅಸಿಟ್ರೋಮ್ ತಗೋತಾರೆ. ಬೆಳಗ್ಗೆ ಆರರಿಂದ ಉಸಿರಾಟ ಕಷ್ಟ, ಕೂತೇ ಇದ್ದಾರೆ. ಎದೆಬಡಿತ 138, ನಾಡಿ 104, ಬಿಪಿ 102/64, ಎಸ್‌ಪಿಒ2 ಶೇಕಡಾ 91. ಕಾಲು ಎರಡೂ ಊದಿವೆ, ಎರಡು ದಿನದಿಂದ ಲ್ಯಾಸಿಕ್ಸ್ ತಗೊಂಡಿಲ್ಲ. ಗೆರೆ ಕಳಿಸಿದ್ದೀನಿ, ಪಿ ಅಲೆ ಕಾಣಿಸ್ತಿಲ್ಲ, ಕ್ಯೂಆರ್‌ಎಸ್ ಕಿರಿದಾಗಿದೆ. ಆಂಬುಲೆನ್ಸ್‌ಗೆ ಹೇಳಿದ್ದೀನಿ.’ ಇಷ್ಟು ಹೇಳಿದರೆ ಆ ಕಡೆಯವರು ಪಿಡಿಎಫ್ ತೆರೆಯುವ ಮೊದಲೇ ಹಾಸಿಗೆ ಸಿದ್ಧ ಮಾಡಿಸಲು ಹೇಳುತ್ತಾರೆ.